ನಾಯಿ ನಾಲ್ಕು ಕಾಂಬಿಫ್ಲಾಮ್ ಮಾತ್ರೆ ತಿಂದಿದೆ, ಬೇಗ ಹೇಳಿ ಏನು ಮಾಡೋದು

ತೋಟದಮನೆ · ಭಾನುವಾರ ರಾತ್ರಿ 8:52

ನಮ್ಮ ಕರಿಯ ಅಜ್ಜಿಯ ಮಂಡಿನೋವಿನ ಮಾತ್ರೆ ತಿಂದುಬಿಟ್ಟಿದ್ದಾನೆ. ಕಾಂಬಿಫ್ಲಾಮ್. ಸ್ಟ್ರಿಪ್ ಮಂಚದ ಪಕ್ಕ ಸ್ಟೂಲ್ ಮೇಲಿತ್ತು. ನಾವು ಊಟಕ್ಕೆ ಕೂತಾಗ ಎಳೆದುಕೊಂಡಿದ್ದಾನೆ, ಅಂದ್ರೆ ಎಂಟೂಕಾಲರಿಂದ ಎಂಟೂವರೆ ಒಳಗೆ. ಹತ್ತರ ಸ್ಟ್ರಿಪ್. ಅಜ್ಜಿ ತಗೊಂಡಿದ್ದು ಐದು, ಒಂದು ಇನ್ನೂ ಒಳಗೇ ಇದೆ, ನಾಲ್ಕರ ಜಾಗ ಹಲ್ಲಿನಲ್ಲಿ ಕಚ್ಚಿ ಹರಿದಿದೆ. ನೆಲದಲ್ಲಿ, ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ ಎಲ್ಲ ಹುಡುಕಿದ್ವಿ, ಮಾತ್ರೆ ಸಿಗಲಿಲ್ಲ.

ಊರ ನಾಯಿ, ಮೂರು ವರ್ಷ, ಹೋದ ತಿಂಗಳು ತೂಕ ಮಾಡಿದಾಗ 14 ಕೆಜಿ. ಈಗ ಆರಾಮಾಗಿ ಬಾಲ ಅಲ್ಲಾಡಿಸ್ತಾ ಓಡಾಡ್ತಿದ್ದಾನೆ. ನಮ್ಮ ಕಡೆಯ ಡಾಕ್ಟರ್ ಫೋನ್ ಸಿಗ್ತಿಲ್ಲ. ಮೆಡಿಕಲ್ ಶಾಪಿನವರು ಉಪ್ಪುನೀರು ಕುಡಿಸಿ ಅಂದ್ರು. ಪಕ್ಕದ ಮನೆಯವರು ಹಾಲು ಹಾಕಿ, ವಿಷ ಮುರಿಯುತ್ತೆ ಅಂತಿದ್ದಾರೆ. ಮಂಡಗದ್ದೆಯಿಂದ ಸ್ವಲ್ಪ ಒಳಗಿದೀವಿ. ಬೆಳಗ್ಗೆವರೆಗೆ ನೋಡಬಹುದಾ?

ಡಾಕ್ಟ್ರಮ್ಮ ಹಾಸನ · 8:57

ಬೆಳಗ್ಗೆವರೆಗೆ ಕಾಯಬೇಡಿ. ಈಗಲೇ ಗಾಡಿ ತೆಗೆಯಿರಿ, ಶಿವಮೊಗ್ಗಕ್ಕೆ ಹೊರಡಿ. ಒಬ್ಬರು ಓಡಿಸಲಿ, ಇನ್ನೊಬ್ಬರು ದಾರಿಯಲ್ಲೇ ಫೋನ್ ಮಾಡಿ ರಾತ್ರಿ ನೋಡುವ ಪಶುವೈದ್ಯರು ಯಾರಿದ್ದಾರೆ ವಿಚಾರಿಸಿ. ಪಶು ಸಹಾಯವಾಣಿ 1962ಕ್ಕೂ ಪ್ರಯತ್ನಿಸಿ, ಆದರೆ ಆ ಕರೆಗಾಗಿ ಮನೆಯಲ್ಲಿ ಕಾದು ಕೂರಬೇಡಿ.

ಉಪ್ಪುನೀರು ಬೇಡವೇ ಬೇಡ. ಹಾಲು, ಮಜ್ಜಿಗೆ, ಎಣ್ಣೆ, ಮೊಟ್ಟೆ ಏನೂ ಬೇಡ. ಗಂಟಲಿಗೆ ಬೆರಳು ಹಾಕಬೇಡಿ. ಹರಿದ ಸ್ಟ್ರಿಪ್ ಹಾಗೇ ಜೇಬಿಗೆ ಹಾಕಿಕೊಳ್ಳಿ.

ಲೆಕ್ಕ ಹೇಳ್ತೇನೆ, ಅಲ್ಲಿಯ ವೈದ್ಯರಿಗೆ ಇದನ್ನೇ ಓದಿ ಹೇಳಿ. ಕಾಂಬಿಫ್ಲಾಮ್ ಒಂದು ಮಾತ್ರೆಯಲ್ಲಿ ಐಬುಪ್ರೊಫೇನ್ 400 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ನಾಲ್ಕಕ್ಕೆ ಐಬುಪ್ರೊಫೇನ್ 1600, ಪ್ಯಾರಾಸಿಟಮಾಲ್ 1300. ಹದಿನಾಲ್ಕು ಕೆಜಿಗೆ ಹಂಚಿದರೆ ಕೆಜಿಗೆ ಸುಮಾರು 114 ಮತ್ತು 93. ನಾಯಿಗೆ ಐಬುಪ್ರೊಫೇನ್ ಕೆಜಿಗೆ 25 ಮಿಲಿಗ್ರಾಂ ಆಸುಪಾಸಿನಿಂದಲೇ ಹೊಟ್ಟೆಗೆ ಪೆಟ್ಟು ಕೊಡುತ್ತದೆ: ವಾಂತಿ, ಹುಣ್ಣು, ರಕ್ತಸ್ರಾವ. 175ರ ಹತ್ತಿರ ಬಂದರೆ ಕಿಡ್ನಿ ಕೈಕೊಡುವ ಭಯ, 400 ದಾಟಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಪ್ಯಾರಾಸಿಟಮಾಲ್ ಕೆಜಿಗೆ 100ರಿಂದ ಲಿವರ್‌ಗೆ ಅಪಾಯ. ಈ ಅಂಕಿಗಳೆಲ್ಲ ಗೋಡೆ ಕಟ್ಟಿದ ಹಾಗೆ ಗಟ್ಟಿ ಅಲ್ಲ. ವಯಸ್ಸಾದ, ನೀರು ಸರಿಯಾಗಿ ಕುಡಿಯದ, ಮೊದಲೇ ಕಿಡ್ನಿ ತೊಂದರೆಯಿರುವ ನಾಯಿಗೆ ಇನ್ನೂ ಕಡಿಮೆಗೇ ಪೆಟ್ಟಾಗುತ್ತದೆ. ನಿಮ್ಮ ಕರಿಯ ಹೊಟ್ಟೆಯ ಗೆರೆಯನ್ನು ಆಗಲೇ ದಾಟಿದ್ದಾನೆ, ಲಿವರ್‌ನ ಗೆರೆಯ ಅಂಚಿನಲ್ಲಿದ್ದಾನೆ, ಕಿಡ್ನಿಯದ್ದಕ್ಕೂ ದೂರವಿಲ್ಲ.

ಈಗ ಆರಾಮಾಗಿದ್ದಾನೆ ಅನ್ನೋದನ್ನ ನಂಬಬೇಡಿ. ಮಾತ್ರೆ ಇನ್ನೂ ಕರಗುತ್ತಿದೆ, ಅಷ್ಟೇ.

ಧಾರವಾಡ ಮಂದಿ · 9:01

ಡಾಕ್ಟರ್ ಮೇಡಂ, ನಮ್ಮ ಹೊಲದಾಗ ನಾಯಿ ಏನರ ತಿಂದ್ರ ಉಪ್ಪಿನ ನೀರು ಕುಡಿಸೂದು ನಮ್ಮಪ್ಪನ ಕಾಲದಿಂದ ನಡದದ. ವಾಂತಿ ಮಾಡಿ ಆರಾಮ ಆಗ್ಯಾವ. ಶಿವಮೊಗ್ಗ ಮುಟ್ಟೂದ್ರಾಗ ತಾಸು ಆಗತದ, ಅಷ್ಟು ಹೊತ್ತು ಸುಮ್ನ ಕೂಡೂದಕ್ಕಿಂತ ಅದು ವಾಸಿ ಅಲ್ರೀ?

ಡಾಕ್ಟ್ರಮ್ಮ ಹಾಸನ · 9:09

ನಿಮ್ಮ ಕಳಕಳಿ ಅರ್ಥವಾಗುತ್ತೆ, ನಮ್ಮೂರಲ್ಲೂ ಇದೇ ರೂಢಿ. ಆದರೆ ಉಪ್ಪು ಹಾಕಿದ ನಾಯಿ ವಾಂತಿ ಮಾಡಲೇಬೇಕೆಂದಿಲ್ಲ. ಮಾಡದಿದ್ದರೆ ಇನ್ನೊಂದು ಲೋಟ, ಮತ್ತೊಂದು ಲೋಟ ಅಂತ ಸುರಿಯುತ್ತಾರೆ. ಆ ಉಪ್ಪೆಲ್ಲ ರಕ್ತಕ್ಕೆ ಸೇರಿ ಸೋಡಿಯಂ ಏರುತ್ತದೆ, ಮೆದುಳಿನ ಜೀವಕೋಶಗಳಿಂದ ನೀರು ಹೊರಬರುತ್ತದೆ, ನಡುಕ, ಫಿಟ್ಸ್ ಶುರುವಾಗುತ್ತದೆ. ಮಾತ್ರೆಯಿಂದ ಉಳಿಯಬಹುದಾಗಿದ್ದ ನಾಯಿ ಉಪ್ಪಿನಿಂದ ಸಾಯುವುದುಂಟು. ಅದರ ಮೇಲೆ ಈ ಔಷಧ ಕಿಡ್ನಿಯನ್ನು ಬಳಲಿಸುವಂಥದ್ದು. ಅದೇ ಕಿಡ್ನಿಗೆ ಉಪ್ಪಿನ ಹೊರೆಯನ್ನೂ ಹೊರಿಸಬಾರದು.

ಬಲವಂತವಾಗಿ ಕುಡಿಸುವಾಗ ನೀರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬೇರೆ. ಹಾಲು ಈ ಮಾತ್ರೆಯನ್ನು ಮುರಿಯುವುದಿಲ್ಲ. ಅದು ಮುರಿಯುತ್ತೆ ಅಂತ ನಂಬಿ ಮನೆಯವರು ಒಂದು ಗಂಟೆ ನಿಶ್ಚಿಂತೆಯಾಗಿ ಕೂತುಬಿಡುತ್ತಾರಲ್ಲ, ನನಗೆ ಹೆಚ್ಚು ಸಂಕಟ ತರೋದು ಆ ಕಳೆದ ಗಂಟೆ.

ಮಾತ್ರೆ ಅಂಗಡಿ · 9:14

ನಾನು ಫಾರ್ಮಸಿಸ್ಟ್. ಅಂಗಡಿಯಲ್ಲಿ ಉಪ್ಪುನೀರು ಅಂತ ಹೇಳಿಕಳಿಸಿದ್ದು ಕೇಳಿ ಬೇಜಾರಾಯಿತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಿತ್ತು.

ಒಂದು ವಿಷಯ ಸೇರಿಸ್ತೇನೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ವಾಂತಿ ಮಾಡಿಸಿ ಅಂತ ಅಮೆರಿಕದ ಸಲಹೆಗಳು ತುಂಬ ಸಿಗುತ್ತವೆ. ಅವರ ಅಳತೆ ಶೇಕಡಾ 3ರ ದ್ರಾವಣಕ್ಕೆ. ನಮ್ಮಲ್ಲಿ ಗಾಯ ತೊಳೆಯಲು ಮಾರುವ ಬಾಟಲಿಯ ಮೇಲೆ ಸಾಮಾನ್ಯವಾಗಿ 20 ವಾಲ್ಯೂಮ್ ಅಂತ ಇರುತ್ತದೆ, ಅದು ಶೇಕಡಾ 6. ಎರಡು ಪಟ್ಟು ತೀಕ್ಷ್ಣ. ಅದನ್ನೇ ನೇರ ಕುಡಿಸಿದರೆ ಹೊಟ್ಟೆ, ಅನ್ನನಾಳ ಸುಡುತ್ತದೆ. ಮೊದಲೇ ಹುಣ್ಣು ಮಾಡುವ ಮಾತ್ರೆ ತಿಂದ ನಾಯಿಗೆ ಅದು ಬೇಕಾ? ವೈದ್ಯರು ಫೋನಿನಲ್ಲಿ ತೂಕ ಕೇಳಿ, ಬಾಟಲಿಯ ಮೇಲಿನ ಅಂಕಿ ಓದಿಸಿ, ಇಷ್ಟು ಎಂಎಲ್ ಅಂತ ಹೇಳಿದರೆ ಮಾತ್ರ ಕೈಹಾಕಿ.

ಡಾಕ್ಟ್ರಮ್ಮ ಹಾಸನ · 9:18

ತುಂಬ ಒಳ್ಳೆಯ ಮಾತು. ಪಗ್, ಶಿಟ್ಜು, ಬುಲ್‌ಡಾಗ್ ತರಹದ ಚಪ್ಪಟೆ ಮೂತಿಯ ನಾಯಿಗಳಿಗೆ, ಮಂಪರಿನಲ್ಲಿರುವ ಅಥವಾ ನಡುಗುತ್ತಿರುವ ನಾಯಿಗೆ, ಆಗಲೇ ವಾಂತಿ ಮಾಡುತ್ತಿರುವ ನಾಯಿಗೆ ಮನೆಯಲ್ಲಿ ವಾಂತಿ ಮಾಡಿಸುವ ಪ್ರಯತ್ನವೇ ಕೂಡದು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರೆ ಕೆಲವೇ ನಿಮಿಷಕ್ಕೆ ವಾಂತಿ ಬರುತ್ತದೆ. ತಿಂದ ಒಂದೆರಡು ಗಂಟೆಯೊಳಗೆ ತಲುಪಿದರೆ ಅದರಿಂದ ಪ್ರಯೋಜನ.

ತೋಟದಮನೆಯವರೇ, ಹೊರಟಿರಾ?

ತೋಟದಮನೆ · 9:31

ಹೊರಟ್ವಿ ಮೇಡಂ, ತಮ್ಮ ಓಡಿಸ್ತಿದ್ದಾನೆ. ಗಾಜನೂರು ಹತ್ತಿರ ಬಂದ್ವಿ, ಮಧ್ಯೆ ನೆಟ್‌ವರ್ಕ್ ಇರ್ಲಿಲ್ಲ. ಶಿವಮೊಗ್ಗದಲ್ಲಿ ಒಬ್ಬರು ಡಾಕ್ಟರ್ ಸಿಕ್ಕಿದ್ರು, ಕ್ಲಿನಿಕ್ ತೆಗೆದು ಕಾಯ್ತೀನಿ ಅಂದಿದ್ದಾರೆ. ನೀವು ಬರೆದ ಲೆಕ್ಕ ಓದಿ ಹೇಳಿದೆ, ಏನೂ ಕುಡಿಸಬೇಡಿ ಹಾಗೇ ಬನ್ನಿ ಅಂದ್ರು. ಕರಿಯ ನನ್ನ ತೊಡೆ ಮೇಲಿದ್ದಾನೆ, ಜೊಲ್ಲು ಸ್ವಲ್ಪ ಜಾಸ್ತಿ ಬರ್ತಿದೆ.

ಟೆಕ್ಸಾಸ್ ಕನ್ನಡತಿ · 9:40

ಕರಿಯ ಹುಷಾರಾಗಲಿ, ಇಲ್ಲಿಂದ ಕಾಯ್ತಾ ಇದ್ದೀನಿ.

ಹೊರದೇಶದಲ್ಲಿರೋ ಕನ್ನಡದವರೂ ಇದನ್ನ ಓದ್ತಿರ್ತಾರೆ ಅಂತ ಬರೀತೀನಿ. ನಮ್ಮ ಲ್ಯಾಬ್ರಡಾರ್ ಅಡ್ವಿಲ್ (ಅದೂ ಐಬುಪ್ರೊಫೇನೇ) ಡಬ್ಬಿ ಅಗಿದು ತಿಂದಿತ್ತು. ಆ ಮಾತ್ರೆಗಳ ಹೊರಪದರ ಸಿಹಿ, ನಾಯಿಗೆ ಮಿಠಾಯಿ ಥರ ಅನಿಸುತ್ತೆ. ಇಲ್ಲಿ ನೂರು, ಇನ್ನೂರು ಮಾತ್ರೆಗಳ ಡಬ್ಬಿಯಲ್ಲೇ ಮಾರೋದು, ಹಾಗಾಗಿ ಒಮ್ಮೆಗೇ ತುಂಬ ತಿಂದುಬಿಡ್ತವೆ. ಇಲ್ಲಿ ಎಎಸ್‌ಪಿಸಿಎ ನಡೆಸೋ ಪ್ರಾಣಿ ವಿಷ ನಿಯಂತ್ರಣ ಕೇಂದ್ರ ಇದೆ, 888-426-4435, ಹಗಲು ರಾತ್ರಿ ತೆಗೀತಾರೆ. ಪೆಟ್ ಪಾಯ್ಸನ್ ಹೆಲ್ಪ್‌ಲೈನ್ ಅಂತ ಇನ್ನೊಂದು, 855-764-7661. ಎರಡಕ್ಕೂ ಶುಲ್ಕ ಇರುತ್ತೆ. ಕೇಸ್ ನಂಬರ್ ಕೊಡ್ತಾರೆ. ಆ ನಂಬರ್ ಹೇಳಿದ್ರೆ ನಮ್ಮ ವೈದ್ಯರೇ ಅವರ ವಿಷಶಾಸ್ತ್ರ ತಜ್ಞರ ಜೊತೆ ಮಾತಾಡಬಹುದು.

ಅಲೀವ್ ಮನೆಯಲ್ಲಿದ್ರೆ ಇನ್ನೂ ಎಚ್ಚರ. ಅದು ನಾಪ್ರಾಕ್ಸೆನ್. ಕೆಜಿಗೆ 5 ಮಿಲಿಗ್ರಾಂ ಸಾಕು ತೊಂದರೆಗೆ. ಒಂದು ಮಾತ್ರೆಯಲ್ಲಿ 220 ಇರುತ್ತೆ!

ಡಾಕ್ಟ್ರಮ್ಮ ಹಾಸನ · 9:52

ನಾಪ್ರಾಕ್ಸೆನ್ ವಿಷಯ ಸರಿ. ಅದು ನಾಯಿಯ ಪಿತ್ತರಸದ ಮೂಲಕ ಕರುಳಿಗೆ ಬಂದು ಮತ್ತೆ ರಕ್ತಕ್ಕೆ ಹೀರಿಕೊಳ್ಳುತ್ತದೆ, ಸುತ್ತು ಹೊಡೆಯುತ್ತಲೇ ಇರುತ್ತದೆ. ಅರ್ಧದಷ್ಟು ಇಳಿಯಲು ನಾಯಿಯಲ್ಲಿ ಮೂರು ದಿನ ಬೇಕು, ಮನುಷ್ಯರಲ್ಲಿ ಅರ್ಧ ದಿನ, ಹೆಚ್ಚೆಂದರೆ ಮುಕ್ಕಾಲು ದಿನ ಸಾಕು. ಮನುಷ್ಯರಿಗೆ ಇಷ್ಟು ಅಂತ ತೂಕದಲ್ಲಿ ಭಾಗ ಮಾಡಿ ನಾಯಿಗೆ ಕೊಡಬಾರದು ಅನ್ನೋದಕ್ಕೆ ಇದೇ ಕಾರಣ.

ಬೆಕ್ಕಿನ ಮನೆ · 10:05

ನಾವು ಮಂಗಳೂರಿನವರು. ನಡುವೆ ಕೇಳ್ತಾ ಇದ್ದೇನೆ, ತಪ್ಪು ತಿಳ್ಕೊಳ್ಬೇಡಿ ಮಾರಾಯ್ರೆ. ನಮ್ಮ ಬೆಕ್ಕಿಗೆ ನಿನ್ನೆಯಿಂದ ಜ್ವರ ಉಂಟು, ಡೋಲೋ 650ರಲ್ಲಿ ಅರ್ಧ ಕೊಡುವ ಅಂತ ಯೋಚನೆ ಮಾಡಿದ್ದೆವು. ಪ್ಯಾರಾಸಿಟಮಾಲ್ ಮಕ್ಕಳಿಗೇ ಕೊಡ್ತಾರಲ್ಲ, ಅದು ಮೆದು ಔಷಧ ಅಲ್ವಾ?

ಡಾಕ್ಟ್ರಮ್ಮ ಹಾಸನ · 10:08

ಕೊಡಬೇಡಿ! ದಯವಿಟ್ಟು ಮಾತ್ರೆಯನ್ನು ಕಪಾಟಿಗೆ ಇಟ್ಟುಬಿಟ್ಟು ಮುಂದೆ ಓದಿ.

ಬೆಕ್ಕಿಗೆ ಪ್ಯಾರಾಸಿಟಮಾಲ್ ನೇರ ವಿಷ. ಅದನ್ನು ಕರಗಿಸಿ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೆಜಿಗೆ 10 ಮಿಲಿಗ್ರಾಂ ಕೂಡ ಅಪಾಯ ಮಾಡಿದ ಉದಾಹರಣೆಗಳಿವೆ. ಅರ್ಧ ಡೋಲೋ ಅಂದರೆ 325, ನಾಲ್ಕು ಕೆಜಿ ಬೆಕ್ಕಿಗೆ ಕೆಜಿಗೆ ಎಂಬತ್ತು ದಾಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಒಸಡು ಗುಲಾಬಿ ಬಣ್ಣ ಬಿಟ್ಟು ಕಂದು, ಬೂದು ಆಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ, ಏದುಸಿರು ಬರುತ್ತದೆ. ಎರಡು ದಿನದ ಜ್ವರಕ್ಕೆ ಬೆಳಗ್ಗೆ ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ರಾತ್ರಿಯೇ ಹೊರಡಿ.

ಬೆಕ್ಕಿನ ಮನೆ · 10:11

ಅಯ್ಯೋ ದೇವರೆ. ಇಲ್ಲ, ಕೊಡಲಿಲ್ಲ. ಬೆಳಿಗ್ಗೆ ಕರ್ಕೊಂಡು ಹೋಗ್ತೇವೆ.

ಮುಧೋಳ ಪ್ರೇಮಿ · 10:30

ನಮ್ಮ ಬಾಗಲಕೋಟಿ ಕಡೆ ಬೇಟೆನಾಯಿ ಕುಂಟಿದ್ರ ಡೈಕ್ಲೋಫೆನಾಕ್ ಅರ್ಧ ಕೊಟ್ಟು ಬಿಡೂದು ಭಾಳ ಮಂದಿಗೆ ರೂಢಿ. ನಾನೂ ನೋಡೀನಿ, ಮರುದಿನ ನಾಯಿ ಓಡ್ಯಾಡಿದ್ದೂ ನೋಡೀನಿ. ಅದೂ ಇದೇ ಜಾತಿ ಔಷಧ ಏನ್ರೀ?

ಡಾಕ್ಟ್ರಮ್ಮ ಹಾಸನ · 10:41

ಹೌದು, ಇದೇ ಗುಂಪು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ನಾಪ್ರಾಕ್ಸೆನ್, ಮೆಫೆನಮಿಕ್ ಆಸಿಡ್ ಎಲ್ಲವೂ ದೇಹದಲ್ಲಿ ಪ್ರೊಸ್ಟಾಗ್ಲ್ಯಾಂಡಿನ್ ತಯಾರಾಗುವುದನ್ನು ತಡೆಯುತ್ತವೆ. ನೋವು, ಊತ ತರುವುದು ಅದೇ. ಆದರೆ ಹೊಟ್ಟೆಯ ಒಳಗೋಡೆಗೆ ಲೋಳೆಯ ರಕ್ಷಣೆ ಕೊಡುವುದೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಅದು ತಯಾರಾಗದಿದ್ದರೆ ಹೊಟ್ಟೆಯ ಆಮ್ಲ ತನ್ನದೇ ಗೋಡೆಯನ್ನು ತಿನ್ನಲು ಶುರುಮಾಡುತ್ತದೆ. ಮರುದಿನ ಓಡಾಡಿದ ನಾಯಿಯ ಹೊಟ್ಟೆಯೊಳಗೆ ಏನಾಗಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ವಾರ ಬಿಟ್ಟು ಕಪ್ಪು ಮಲ ಹಾಕಿ ಸೊರಗಿದಾಗ ಯಾರೂ ಆ ಅರ್ಧ ಮಾತ್ರೆಯನ್ನು ನೆನಪಿಸಿಕೊಳ್ಳುವುದಿಲ್ಲ.

ಕುಂಟುವ ನಾಯಿಗೆ ನೋವಿನ ಔಷಧ ಇಲ್ಲ ಅಂತಲ್ಲ. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೇನ್ ಇವೆ. ಪಶುವೈದ್ಯರು ತೂಕ ನೋಡಿ, ಕಿಡ್ನಿ ನೋಡಿ, ಇಷ್ಟು ದಿನ ಅಂತ ಬರೆದುಕೊಡುತ್ತಾರೆ.

ಹಕ್ಕಿ ನೋಡುವವ · 10:50

ಡೈಕ್ಲೋಫೆನಾಕ್ ಅಂದಾಗ ಹೇಳಲೇಬೇಕು. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ಮೇಲೆ ಇವತ್ತಿಗೂ ಇದರ ನೆರಳಿದೆ. ಈ ಔಷಧ ಚುಚ್ಚಿದ ದನ ಸತ್ತಾಗ ಅದರ ಮಾಂಸ ತಿಂದ ಹದ್ದುಗಳ ಕಿಡ್ನಿ ಕೆಟ್ಟು ದೇಶದಾದ್ಯಂತ ಸತ್ತವು. 2006ರಲ್ಲಿ ಜಾನುವಾರುಗಳಿಗೆ ಇದನ್ನು ನಿಷೇಧಿಸಿದರು, 2023ರಲ್ಲಿ ಅಸಿಕ್ಲೋಫೆನಾಕ್ ಮತ್ತು ಕೀಟೊಪ್ರೊಫೇನ್ ಕೂಡ. ದನದ ಮೈಯಲ್ಲಿ ಅಸಿಕ್ಲೋಫೆನಾಕ್ ಬದಲಾಗಿ ಡೈಕ್ಲೋಫೆನಾಕ್ ಆಗುತ್ತದೆ. ಆದರೂ ಮನುಷ್ಯರ ಔಷಧವಾಗಿ ಅಂಗಡಿಯಲ್ಲಿ ಸಿಗುವುದನ್ನೇ ತಂದು ಪ್ರಾಣಿಗಳಿಗೆ ಬಳಸುವುದು ನಿಂತಿಲ್ಲ.

ತೋಟದಮನೆ · ಸೋಮವಾರ, ನಸುಕಿನ 1:20

ಎಲ್ಲರಿಗೂ ನಮಸ್ಕಾರ. ಹತ್ತು ಗಂಟೆಗೆ ಸ್ವಲ್ಪ ಮೊದಲೇ ತಲುಪಿದ್ವಿ. ವಾಂತಿಗೆ ಇಂಜೆಕ್ಷನ್ ಕೊಟ್ಟರು. ಮೊದಲು ಅನ್ನ ಬಂತು, ಆಮೇಲೆ ಸ್ಟ್ರಿಪ್‌ನ ಬೆಳ್ಳಿ ಹಾಳೆಯ ಎರಡು ತುಂಡು, ಅದಕ್ಕೆ ಅಂಟಿಕೊಂಡ ಹಾಗೆ ಮಾತ್ರೆಯ ಚೂರುಗಳು. ಡಾಕ್ಟರ್ ಕೈಗವಸು ಹಾಕಿಕೊಂಡು ಅದನ್ನೆಲ್ಲ ಟ್ರೇ ಮೇಲೆ ಜೋಡಿಸಿ ನೋಡಿದ್ರು. ಎರಡು ಮಾತ್ರೆಯಷ್ಟು ಹೊರಗೆ ಬಂದಿರಬಹುದು, ಮಿಕ್ಕಿದ್ದು ಕರಗಿದೆ ಅಂತ ಇಟ್ಟುಕೊಂಡೇ ಚಿಕಿತ್ಸೆ ಕೊಡ್ತೀನಿ ಅಂದ್ರು.

ವಾಂತಿ ನಿಂತ ಮೇಲೆ ಇದ್ದಿಲು ಪುಡಿಯ ಔಷಧ ಕುಡಿಸಿದ್ರು. ರಕ್ತ ತೆಗೆದ್ರು. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ 0.9, ಲಿವರ್ ಸರಿ ಇದೆ, ಇದು ಇವತ್ತಿನ ಲೆಕ್ಕ ಮಾತ್ರ ಅಂತ ಒತ್ತಿ ಹೇಳಿದ್ರು. ಪ್ಯಾರಾಸಿಟಮಾಲ್ ಇರೋದ್ರಿಂದ ಲಿವರ್ ಕಾಯೋಕೆ ಎನ್-ಅಸಿಟೈಲ್‌ಸಿಸ್ಟೀನ್ ಬೇಕು ಅಂತ ಚೀಟಿ ಬರೆದುಕೊಟ್ರು, ತಮ್ಮ ಮನುಷ್ಯರ ಆಸ್ಪತ್ರೆ ಎದುರಿನ ಮೆಡಿಕಲ್‌ನಿಂದ ತಂದ. ಈಗ ಡ್ರಿಪ್ ಓಡ್ತಿದೆ, ಕರಿಯ ಮಲಗಿದ್ದಾನೆ. ಎರಡು ದಿನ ಇಲ್ಲೇ ಇರಬೇಕಂತೆ.

ಮಾತ್ರೆ ಅಂಗಡಿ · ಬೆಳಗ್ಗೆ 7:15

ಸದ್ಯ! ರಾತ್ರಿಯೇ ಹೊರಟಿದ್ದು ಒಳ್ಳೆಯದಾಯಿತು.

ಓದುವವರಿಗೆ ಒಂದು ಕೋರಿಕೆ. ಮಾತ್ರೆಯ ಹೆಸರು ನೋಡಬೇಡಿ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಒಳಗಿನ ವಸ್ತು ಮತ್ತು ಮಿಲಿಗ್ರಾಂ ನೋಡಿ. ಒಂದೇ ಹೆಸರಿನಲ್ಲಿ ಎರಡು ಮೂರು ಔಷಧ ಸೇರಿರುತ್ತವೆ. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್, ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಮಿಕ್ ಆಸಿಡ್ ಮತ್ತು ಡೈಸೈಕ್ಲೋಮಿನ್. ಹೆಸರಿನ ಕೊನೆಗೆ ಎಸ್ಆರ್ ಅಂತಿದ್ದರೆ ನಿಧಾನ ಬಿಡುಗಡೆಯಾಗುವ ಮಾತ್ರೆ, ತೊಂದರೆ ತಡವಾಗಿ ಶುರುವಾಗಿ ಹೆಚ್ಚು ಹೊತ್ತು ಇರಬಹುದು. ಎಷ್ಟು ತಿಂದಿದೆ ಗೊತ್ತಾಗದಿದ್ದರೆ, ಕಾಣೆಯಾದದ್ದೆಲ್ಲ ನಾಯಿಯ ಹೊಟ್ಟೆಯಲ್ಲೇ ಇದೆ ಅಂತ ಲೆಕ್ಕ ಹಾಕಿ. ಮನೆಯಲ್ಲಿ ಎರಡು ನಾಯಿ ಇದ್ದರೆ ಎರಡೂ ಪೂರ್ತಿ ತಿಂದಿವೆ ಅಂತಲೇ ಅಂದುಕೊಂಡು ಎರಡನ್ನೂ ಕರೆದೊಯ್ಯಿರಿ.

ಡಾಕ್ಟ್ರಮ್ಮ ಹಾಸನ · ಬೆಳಗ್ಗೆ 8:02

ಅಲ್ಲಿಯ ವೈದ್ಯರು ಸರಿಯಾದ ದಾರಿಯಲ್ಲಿದ್ದಾರೆ, ಅವರ ಮಾತು ಕೇಳಿ. ಇವತ್ತು ಕರಿಯ ಎದ್ದು ಓಡಾಡಿದರೆ ಮನೆಗೆ ಕರೆದೊಯ್ಯೋಣ ಅನ್ನಿಸುತ್ತದೆ. ದಯವಿಟ್ಟು ಡ್ರಿಪ್ ಬಿಡಿಸಬೇಡಿ. ಕಿಡ್ನಿಯ ಮುಕ್ಕಾಲು ಭಾಗದಷ್ಟು ಕೆಲಸ ನಿಂತ ಮೇಲೆಯೇ ಕ್ರಿಯಾಟಿನಿನ್ ಸಾಮಾನ್ಯ ಮಿತಿ ದಾಟುವುದು. ಅದಕ್ಕೇ 24, 48, 72 ಗಂಟೆಗೆ ಮತ್ತೆ ಮತ್ತೆ ನೋಡುತ್ತೇವೆ. ಡ್ರಿಪ್‌ನ ಕೆಲಸ ಕಿಡ್ನಿಗೆ ರಕ್ತದ ಹರಿವು ಕಡಿಮೆಯಾಗದಂತೆ ಕಾಯುವುದು.

ಮಲ ನೋಡುತ್ತಿರಿ. ರಸ್ತೆಗೆ ಹಾಕುವ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ಅದು ಹೊಟ್ಟೆಯಿಂದ ಇಳಿದ ರಕ್ತ. ಇದ್ದಿಲಿನ ಔಷಧದಿಂದಲೂ ಒಂದೆರಡು ದಿನ ಮಲ ಕಪ್ಪಾಗುತ್ತದೆ, ಆದ್ದರಿಂದ ಬಣ್ಣವೊಂದನ್ನೇ ನೋಡಿ ಹೆದರಬೇಡಿ. ಅಂಟು ಮತ್ತು ವಾಸನೆ ಹೇಗಿದೆ ಅಂತ ವೈದ್ಯರಿಗೆ ತಿಳಿಸಿ. ನೀರು ಜಾಸ್ತಿ ಕುಡಿಯುವುದು, ಮೂತ್ರ ಜಾಸ್ತಿಯಾಗುವುದು ಅಥವಾ ನಿಲ್ಲುವುದು, ಬೆನ್ನು ಬಾಗಿಸಿ ಹೊಟ್ಟೆ ಬಿಗಿಹಿಡಿದು ನಿಲ್ಲುವುದು, ಇವೂ ಹೇಳಬೇಕಾದ ಲಕ್ಷಣಗಳು.

ಇನ್ನೊಂದು ಮುಖ್ಯ. ಊರಿಗೆ ಬಂದ ಮೇಲೆ ವಾಂತಿಯಾಯಿತು, ಸುಸ್ತಾಯಿತು ಅಂತ ಬೇರೆ ಯಾರಾದರೂ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡಲು ಬಂದರೆ ಈ ಕಥೆ ಪೂರ್ತಿ ಹೇಳಿ ತಡೆಯಿರಿ. ಸ್ಟೀರಾಯ್ಡ್ ಮತ್ತು ಈ ನೋವಿನ ಔಷಧ ಜೊತೆಯಾದರೆ ಹುಣ್ಣು ತೂತಾಗುವ ಸಂಭವ ಹೆಚ್ಚುತ್ತದೆ.

ನಿವೃತ್ತ ಮೇಷ್ಟ್ರು · ಬೆಳಗ್ಗೆ 9:30

ನನಗೆ ಭುಜದ ನೋವಿಗೆ ದಿನಾ ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತಾರೆ. ನಮ್ಮ ಪೊಮೇರಿಯನ್ ಪಕ್ಕದಲ್ಲೇ ಮಲಗಿ ಭುಜ ನೆಕ್ಕುತ್ತದೆ. ಇದನ್ನು ಓದಿದ ಮೇಲೆ ಭಯವಾಗುತ್ತಿದೆ.

ಡಾಕ್ಟ್ರಮ್ಮ ಹಾಸನ · ಬೆಳಗ್ಗೆ 9:44

ಭಯಕ್ಕೆ ಕಾರಣವಿದೆ ಸರ್. ದಿನದಿನವೂ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋದರೂ ಪುಟ್ಟ ನಾಯಿಗೆ ಅದೇ ಹುಣ್ಣು. ಇಂಥ ಕೆಲವು ಜೆಲ್‌ಗಳಲ್ಲಿ ಮಿಥೈಲ್ ಸ್ಯಾಲಿಸಿಲೇಟ್ ಕೂಡ ಇರುತ್ತದೆ, ಅದು ಆಸ್ಪಿರಿನ್‌ನ ಬಂಧು. ಜೆಲ್ ಹಚ್ಚಿದ ಮೇಲೆ ತೋಳಿನ ಅಂಗಿ ಹಾಕಿ, ಕೈ ಸೋಪಿನಲ್ಲಿ ತೊಳೆದು ನಾಯಿಯನ್ನು ಮುಟ್ಟಿ, ಟ್ಯೂಬ್ ಮೇಲಿಡಿ. ಅದರ ಹಸಿವು ಕಡಿಮೆಯಾಗಿದ್ದರೆ, ಆಗಾಗ ವಾಂತಿ ಮಾಡುತ್ತಿದ್ದರೆ ಈ ವಾರವೇ ರಕ್ತಪರೀಕ್ಷೆ ಮಾಡಿಸಿ.

ತೋಟದಮನೆ · ಬುಧವಾರ ಸಂಜೆ 6:10

ಇವತ್ತು ಮಧ್ಯಾಹ್ನ ಮನೆಗೆ ಬಂದ್ವಿ. ನಿನ್ನೆ ಹೆದರಿಕೆಯ ದಿನ. ಬೆಳಗ್ಗೆ ವಾಂತಿಯಲ್ಲಿ ಕಾಫಿ ಪುಡಿ ತರಹ ಕಂದು ಚರಟ ಕಾಣಿಸ್ತು, ಅದು ಹೊಟ್ಟೆಯ ರಕ್ತವೇ ಅಂದ್ರು. ಸೋಮವಾರ ರಾತ್ರಿ ತೆಗೆದ ರಕ್ತದಲ್ಲಿ ಕ್ರಿಯಾಟಿನಿನ್ 1.5 ಬಂದಿತ್ತು. ವರದಿಯಲ್ಲಿ ಮಿತಿಯೊಳಗೇ ಇದೆ ಅಂತ ನನಗೆ ಸಮಾಧಾನ ಆದ್ರೆ ಡಾಕ್ಟರ್ ಮುಖ ಗಂಭೀರ ಆಯ್ತು, ಡ್ರಿಪ್ ವೇಗ ಬದಲಾಯಿಸಿದ್ರು. ಇವತ್ತು 1.1. ಲಿವರ್ ವರದಿ ಏರಿಲ್ಲ. ಬೆಳಗ್ಗೆ ತಾನಾಗೇ ಎದ್ದು ಗಂಜಿ ನೆಕ್ಕಿದ.

ಔಷಧ ಬರೆದುಕೊಟ್ಟಿದ್ದಾರೆ, ಹೊಟ್ಟೆಯ ಆಮ್ಲ ಕಡಿಮೆ ಮಾಡೋ ಪ್ಯಾಂಟೊಪ್ರಜೋಲ್ ಮಾತ್ರೆ ಮತ್ತು ಸುಕ್ರಾಲ್ಫೇಟ್ ಸಿರಪ್. ಊಟ ಏನು ಕೊಡಬಹುದು ಮೇಡಂ? ಇನ್ನು ಅಜ್ಜಿ ಊಟ ಬಿಟ್ಟು ಕೂತಿದ್ರು, ಕರಿಯನನ್ನ ನೋಡಿದ ಮೇಲೆಯೇ ಎಲೆ ಮುಂದೆ ಕೂತಿದ್ದು. ಅಜ್ಜಿಯ ಔಷಧ ಎಲ್ಲ ಈಗ ಗೋಡೆ ಕಪಾಟಿನಲ್ಲಿ, ಚಿಲಕ ಹಾಕಿ. ಹೊತ್ತಿಗೆ ಸರಿಯಾಗಿ ತೆಗೆದುಕೊಡೋದು ತಮ್ಮನ ಜವಾಬ್ದಾರಿ.

ಡಾಕ್ಟ್ರಮ್ಮ ಹಾಸನ · ಬುಧವಾರ 7:25

ಓದಿ ಮನಸ್ಸು ಹಗುರಾಯಿತು. ನಿಮ್ಮ ವೈದ್ಯರು 1.5ಕ್ಕೆ ಗಂಭೀರವಾದದ್ದು ಸರಿ. ಎರಡು ದಿನದೊಳಗೆ 0.3ರಷ್ಟು ಏರಿದರೂ, ಅಂಕಿ ಮಿತಿಯೊಳಗೇ ಇದ್ದರೂ, ಕಿಡ್ನಿಗೆ ಪೆಟ್ಟಾಗಿದೆ ಅಂತಲೇ ಅರ್ಥ. ಮೊದಲ ರಾತ್ರಿ 0.9 ಅಂತ ಬರೆದಿಟ್ಟಿದ್ದಕ್ಕೇ ಆ ಏರಿಕೆ ಕಣ್ಣಿಗೆ ಬಿತ್ತು. ನಾಯಿ ಚೆನ್ನಾಗಿ ಕಾಣುವಾಗಲೇ ರಕ್ತ ತೆಗೆಸಿ ಅಂತ ಹೇಳೋದು ಇದಕ್ಕೇ.

ಊಟಕ್ಕೆ ಮೆತ್ತಗೆ ಬೇಯಿಸಿದ ಅನ್ನ, ಚರ್ಮ ಕೊಬ್ಬು ತೆಗೆದು ಬೇಯಿಸಿದ ಕೋಳಿ. ಉಪ್ಪು, ಮಸಾಲೆ, ಈರುಳ್ಳಿ ಬೇಡ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕು ಸಲ. ಸುಕ್ರಾಲ್ಫೇಟ್ ಖಾಲಿ ಹೊಟ್ಟೆಗೆ, ಬೇರೆ ಔಷಧಕ್ಕೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಅದು ಹುಣ್ಣಿನ ಮೇಲೆ ಅಂಟಿಕೊಂಡು ಕೆಲಸ ಮಾಡುವಂಥದ್ದು, ಊಟದ ಜೊತೆ ಕೊಟ್ಟರೆ ಪ್ರಯೋಜನ ಕಡಿಮೆ. ಚುರುಕಾದ ಅಂತ ಔಷಧ ನಡುವೆ ನಿಲ್ಲಿಸಬೇಡಿ, ಬರೆದುಕೊಟ್ಟಷ್ಟು ದಿನ ಮುಗಿಸಿ. ಹುಣ್ಣು ಮಾಯುವ ತನಕ ಕುಂಟಿದರೂ, ಗಾಯವಾದರೂ ನೋವಿನ ಔಷಧ ಯಾವುದೂ ಬೇಡ, ಮೆಲಾಕ್ಸಿಕ್ಯಾಮ್ ಕೂಡ. ಮುಂದಿನ ರಕ್ತಪರೀಕ್ಷೆ ಯಾವಾಗ ಅಂದಿದ್ದಾರೆ?

ತೋಟದಮನೆ · ಬುಧವಾರ 7:40

ಮುಂದಿನ ಬುಧವಾರ. ವರದಿ ಬಂದ ಕೂಡಲೇ ಇಲ್ಲೇ ಹಾಕ್ತೀನಿ.